ಪಿ.ಟಿ. ಮೇಡಂ ಕೊಂಡ ಸದ್ದಿಲ್ಲದ ಕ್ಯಾಮೆರಾ

ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಪಿ.ಟಿ. ಮೇಡಂ ಅವರನ್ನು ಮೃದು ಸ್ವಭಾವದವರು ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಹೋಗಿ ಮೈಕು ಕಿತ್ತುಕೊಳ್ಳಬೇಕು ಅನ್ನಿಸಿತು. ಮೃದುವಂತೆ. ಆ ಹೆಂಗಸು ಕೈಯೆತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬನಿಗೆ ಹಲ್ಲು ಹೋಗಿತ್ತು, ಇನ್ನೊಬ್ಬನಿಗೆ ಕೆನ್ನೆಯ ಮೂಳೆ ಮುರಿದಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಇನ್ಯಾರದೋ ಒಳ್ಳೆಯತನ ತಂದು ಅವರಿಗೆ ಹೊದಿಸಿದರೆ ಅವರೆಲ್ಲಿ ಉಳಿದರು? ಹೋದ ತಿಂಗಳು ಅವರು ಊರಿಗಾಂನ ಮನೆಯಲ್ಲಿ ಮಲಗಿದ್ದಲ್ಲೇ ತೀರಿಕೊಂಡರು. ಅವರು ಹೇಗಿದ್ದರೋ ಹಾಗೆ ಒಬ್ಬರಾದರೂ ಹೇಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಸ್ಟುಡಿಯೋ. ಬೋರ್ಡು ದೊಡ್ಡದಿದೆ, ಕೆಲಸ ಸಣ್ಣದು. ಪಾಸ್‌ಪೋರ್ಟ್ ಸೈಜಿನ ಫೋಟೋ, ಲ್ಯಾಮಿನೇಷನ್, ಸತ್ತವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದು. ಅವರು ಕ್ಯಾಸಂಬಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅಪ್ಪ ಊರಿಗಾಂನ ಚಿನ್ನದ ಗಣಿಗೆ ಇಳಿಯುತ್ತಿದ್ದವರು, ಮೇಲೆ ಬಂದರೆ ಬಾಕ್ಸಿಂಗ್ ಆಡುತ್ತಿದ್ದವರು. ಮಗಳಿಗೆ ಅಕ್ಷರಕ್ಕಿಂತ ಮೊದಲು ಮುಷ್ಟಿ ಕಟ್ಟುವುದನ್ನು ಕಲಿಸಿದರಂತೆ. ಹೆಬ್ಬೆರಳು ಒಳಗಿಡಬಾರದು, ಹೊಡೆದರೆ ಅದೇ ಮುರಿಯುತ್ತದೆ. ಇದನ್ನು ಅವರು ನನಗೂ ಹೇಳಿಕೊಟ್ಟಿದ್ದರು, ನಾನು ಇವತ್ತಿನವರೆಗೆ ಯಾರಿಗೂ ಹೊಡೆದವನಲ್ಲದಿದ್ದರೂ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಕೋಪ ಬಂದರೆ ಮೂರೂ ಒಟ್ಟಿಗೆ ಬರುತ್ತಿದ್ದವು.

ಮೊದಲ ಸಲ ಕಂಡಾಗ ಅವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗನ ಕಾಲರ್ ಹಿಡಿದಿದ್ದರು. ಮ್ಯಾಚು ಮುಗಿಸಿ ರೈಲಿಗೆ ಹೊರಟಿದ್ದ ಅವರ ಹೆಣ್ಣುಮಕ್ಕಳ ತಂಡವನ್ನು ಅವನು ಮೊಬೈಲಿನಲ್ಲಿ ಹಿಡಿಯುತ್ತಿದ್ದನಂತೆ. ಕೆನ್ನೆಗೆ ಬಿತ್ತು ಒಂದು. ಅವನು ತಡಬಡಿಸಿ ಫೋಟೋ ಅಳಿಸಿದ, ಅಳಿಸಿದ್ದನ್ನು ತೋರಿಸಿದ, ಓಡಿದ. ಅವರು ಸೆರಗು ಸರಿಮಾಡಿಕೊಂಡು ಒಳಗೆ ಬಂದು ಹೆಗಲಿಂದ ಒಂದು ದಪ್ಪ ಕ್ಯಾಮೆರಾ ಇಳಿಸಿದರು.

"ಏನಪ್ಪಾ ಸ್ಟುಡಿಯೋ, ಲೆನ್ಸಲ್ಲಿ ಧೂಳು ಕುಂತೈತೆ. ಕ್ಲೀನ್ ಮಾಡ್ತೀಯಾ?"

ಅವತ್ತಿನಿಂದ ನನ್ನ ಹೆಸರು ಸ್ಟುಡಿಯೋ ಆಯಿತು, ಕೊನೆಯವರೆಗೂ ಅದೇ.

ಫೋಟೋ ತೆಗೆಯುವುದು ಅವರಿಗೆ ಹವ್ಯಾಸ. ಹವ್ಯಾಸಿಗಳನ್ನು ಕಂಡರೆ ನನ್ನಂಥ ಹೊಟ್ಟೆಪಾಡಿನವರಿಗೆ ಸ್ವಲ್ಪ ಉರಿ. ನಮಗಿಂತ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡಿರುತ್ತಾರೆ, ಹೂವು ಹಕ್ಕಿ ತೆಗೆದು ನಮಗೇ ಪಾಠ ಹೇಳುತ್ತಾರೆ. ಇವರು ಹಾಗಲ್ಲ. ಹೂವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಬಡ್ಡಿಯಲ್ಲಿ ಮೊಣಕಾಲು ತರಚಿ ರಕ್ತ ಸುರಿಯುವಾಗ, ಸಂತೆಯಲ್ಲಿ ಇಬ್ಬರು ಎಗರಾಡುವಾಗ, ಬಸ್ಸಿನ ಸೀಟಿಗೆ ಜಡೆ ಹಿಡಿದು ಜಗಳ ಆಡುವಾಗ ಇವರ ಕ್ಯಾಮೆರಾ ಅಲ್ಲಿರುತ್ತಿತ್ತು. ಅದು ಹಳೇ ಕಾಲದ ಮಾಡೆಲ್ಲು. ಒತ್ತಿದರೆ ಒಳಗಿನ ಕನ್ನಡಿ ಎಗರಿ ಬಿದ್ದು ಟಕ್ ಅಂತ ಸದ್ದು ಮಾಡುತ್ತಿತ್ತು. ಎಲ್ಲ ಕ್ಯಾಮೆರಾಗಳದ್ದೂ ಸದ್ದೇ, ಆದರೆ ಅವರದ್ದು ಯಾರೋ ಕೋಪದಲ್ಲಿ ಬಾಗಿಲು ಬಡಿದ ಹಾಗೆ. ಸರ್ವಿಸ್ ಮಾಡಿ ಸದ್ದು ಕಡಿಮೆ ಆಗುತ್ತದಾ ನೋಡುತ್ತೇನೆ ಎಂದರೆ ಬೈದರು.

"ಬ್ಯಾಡ ಬುಡು. ವಿಷಲ್ ಊದಿದ್ರೆ ಐಕ್ಳು ನಿಲ್ತವೆ, ದೊಡ್ಡೋರು ನಿಲ್ಲಲ್ಲ. ದೊಡ್ಡೋರು ಇದಕ್ಕೆ ನಿಲ್ತಾರೆ."

ನಿಲ್ಲುತ್ತಿದ್ದರು, ನಿಜ. ಬೂದಿಕೋಟೆಯ ಹತ್ತಿರ ಒಂದು ಕಬಡ್ಡಿ ಪಂದ್ಯದಲ್ಲಿ ನಾನೇ ನೋಡಿದ್ದೆ. ಔಟೋ ಅಲ್ಲವೋ ಎಂದು ಶುರುವಾದದ್ದು ಕ್ಷಣದಲ್ಲಿ ಹೊಡೆದಾಟವಾಯಿತು. ಮುನಿರಾಜ ಅಂತ, ಇವರದೇ ಹಳೇ ಶಿಷ್ಯ, ಒಂದು ತಂಡದ ಕ್ಯಾಪ್ಟನ್ನು. ಅಂಕಣದ ಮೂಲೆಯ ಗೂಟ ಕಿತ್ತು ಎದುರಾಳಿಯ ಬೆನ್ನಿಗೆ ಬಾರಿಸುತ್ತಿದ್ದ. ರೆಫರಿ ಓಡಿ ಹೋಗಿ ಜೀಪಿನಲ್ಲಿ ಕೂತಿದ್ದ. ಇವರು ಕ್ಯಾಮೆರಾ ಮುಖಕ್ಕೆ ಹಿಡಿದು ಸೀದಾ ಒಳಗೆ ನಡೆದರು. ಟಕ್, ಟಕ್, ಟಕ್. ಮುನಿರಾಜ ತಿರುಗಿದ. ಕೈಯಲ್ಲಿ ಗೂಟ ಇರುವ ತನ್ನ ಮುಖ ಆ ಗಾಜಿನೊಳಗೆ ಹೋಯಿತು ಅನ್ನುವುದು ಗೊತ್ತಾಗುತ್ತಲೇ ಗೂಟ ಕೈಯಿಂದ ಜಾರಿತು. ಒಬ್ಬೊಬ್ಬರ ಮುಂದೆಯೂ ನಿಂತು ಒಂದೊಂದು ಹೊಡೆದರು, ಫೋಟೋ. ಐದು ನಿಮಿಷದಲ್ಲಿ ಅಷ್ಟೂ ಜನ ಅಂಗಿ ಕೊಡವಿಕೊಂಡು ನಿಂತರು.

ಎಲ್ಲ ಸಲವೂ ಅಷ್ಟು ಸಲೀಸಾಗಿರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಡತಿಯ ತಲೆಯನ್ನು ಕಂಬಕ್ಕೆ ಚಚ್ಚುತ್ತಿದ್ದಾಗ ಇವರು ಕ್ಯಾಮೆರಾ ಎತ್ತಿದರು. ಅವನು ನಿಲ್ಲಿಸಿದ, ಆದರೆ ಇವರ ಮೇಲೆ ಬಂದ. ಮುಷ್ಟಿ ಹೆಬ್ಬೆರಳು ಹೊರಗಿಟ್ಟೇ ಬಿತ್ತು, ಅವನ ಹಲ್ಲು ನೆಲದ ಮೇಲಿತ್ತು. ಹೆಂಡತಿ ಹಣೆಯ ರಕ್ತ ಒರೆಸಿಕೊಳ್ಳುತ್ತಾ ಎದ್ದು ಬಂದವಳು ಇವರ ಮೇಲೇ ಹಾರಿದಳು.

"ನನ್ ಗಂಡನ್ನ ಒಡಿಯಾಕೆ ನೀನ್ಯಾವೋಳಮ್ಮೀ?"

ಅಂಗಡಿಗೆ ಬಂದು ಇದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಅವಳು ಕೇಳಿದ್ದೂ ಸರೀನೇ ಅಲ್ವಾ" ಎಂದರು.

ಒಂದು ದಿನ ನನ್ನ ಕಂಪ್ಯೂಟರಿನಲ್ಲಿ ಅವರ ಫೋಟೋಗಳನ್ನೆಲ್ಲ ಒಂದೇ ಸಲ ನೋಡಿದೆ. ನಾನು ಬಾಯಿ ಬಿಗಿ ಇಲ್ಲದವನು, ಅಂದುಬಿಟ್ಟೆ. "ಮೇಡಂ, ಇದನ್ನೆಲ್ಲ ಪೊಲೀಸ್ ಸ್ಟೇಷನ್ ಗೋಡೆಗೆ ಅಂಟಿಸಬಹುದು." ಆ ಫೋಟೋಗಳಲ್ಲಿ ಒಬ್ಬರೂ ನಕ್ಕಿರಲಿಲ್ಲ, ಒಬ್ಬರೂ ತಮ್ಮ ಪಾಡಿಗೆ ತಾವಿರಲಿಲ್ಲ. ಮಕ್ಕಳು, ಮುದುಕರು, ಅವರ ಸ್ವಂತ ತಂಗಿ ಕೂಡ ಸಿಕ್ಕಿಬಿದ್ದವರ ಹಾಗೆ ಬಿಗಿದುಕೊಂಡು ನೋಡುತ್ತಿದ್ದರು. ಬೈಗುಳ ಬರುತ್ತದೆ ಎಂದು ಕಾದೆ, ಬರಲಿಲ್ಲ.

"ನನ್ ಮುಂದೆ ಯಾರೂ ಸುಮ್ಕೆ ಇರಲ್ಲ ಕಣಪ್ಪಾ. ಮನ್ಯಾಗೂ ಅಂಗೇ. ನಾ ಬಂದ್ರೆ ಟೀವಿ ಆಫ್ ಮಾಡ್ತಾರೆ."

ಅವರ ಬಗ್ಗೆ ನನಗೆ ಮರುಕ ಹುಟ್ಟಿದ್ದು ಅವತ್ತೇ ಮೊದಲು.

ಅದಾಗಿ ಸ್ವಲ್ಪ ದಿನಕ್ಕೆ ಅವರ ಹಳೇ ಕ್ಯಾಮೆರಾ ಕೈ ಕೊಟ್ಟಿತು. ಒತ್ತಿದರೆ ಕನ್ನಡಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ರಿಪೇರಿಗೆ ಸಾಮಾನೇ ಸಿಗುವುದಿಲ್ಲ ಎಂದೆ. ಹೊಸದು ಕೊಳ್ಳುವುದು ಅವರಿಗೆ ಮದುವೆ ಸಂಬಂಧ ನೋಡಿದಷ್ಟು ದೊಡ್ಡ ಕೆಲಸವಾಯಿತು. ರೈಲಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡುವುದು, ಸ್ಟೇಷನ್ನಲ್ಲಿ ಇಳಿದು ನನ್ನ ತಲೆ ತಿನ್ನುವುದು. ಈ ಮಾಡೆಲ್ಲು ಬಿಸಿ ಆಗುತ್ತಂತೆ, ಆ ಮಾಡೆಲ್ಲಿಗೆ ಬ್ಯಾಟರಿ ನಿಲ್ಲಲ್ಲವಂತೆ. ಕೊನೆಗೆ ಬೆಂಗಳೂರಿಗೆ ಹೋಗಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಕನ್ನಡಿಯಿಲ್ಲದ ಹೊಸ ನಮೂನೆಯದು ತಂದರು. ಮುಟ್ಟಲು ಹೋದರೆ ಕೈ ತೊಳೆದು ಬಾ ಎಂದು ನನ್ನನ್ನು ನಲ್ಲಿಗೆ ಅಟ್ಟಿದರು.

ಕೈ ಒರೆಸಿಕೊಂಡು ಬಂದು ಎದುರು ಕೂತೆ. ಅವರು ಕ್ಯಾಮೆರಾ ಹಿಡಿದಿದ್ದರು. ನಾನು ಕಾದೆ, ಆಕಳಿಸಿದೆ, ಕಿವಿ ಕೆರೆದುಕೊಂಡೆ.

"ತೆಗೀರಿ ಮೇಡಂ."

"ತೆಗೆದಾಯ್ತು."

ಪರದೆಯಲ್ಲಿ ಇದ್ದದ್ದು ನಾನೇ, ಬಾಯಿ ತೆರೆದುಕೊಂಡು, ಕಿವಿಯಲ್ಲಿ ಬೆರಳಿಟ್ಟುಕೊಂಡು. ಯಾವ ಸದ್ದೂ ಬಂದಿರಲಿಲ್ಲ. ಬೇಕಾದರೆ ಸದ್ದು ಬರುವ ಹಾಗೆ ಮಾಡಿಕೊಳ್ಳಬಹುದು, ಮೆನುವಿನೊಳಗೆ ಎಲ್ಲೋ ಐತೆ ಎಂದರು. ಮುಖ ಕಂಡರೆ ಸಾಕು, ಒಂದು ಹಸಿರು ಚೌಕ ತಾನಾಗಿ ಹೋಗಿ ಕಣ್ಣಿನ ಮೇಲೆ ಕೂರುತ್ತಿತ್ತು, ಬೆರಳು ಒತ್ತಿದ್ದಷ್ಟೂ ಹೊತ್ತು ಫೋಟೋ ಬೀಳುತ್ತಲೇ ಇರುತ್ತಿತ್ತು. ನನಗೆ ಹಿಡಿಸಲಿಲ್ಲ. ಫೋಟೋ ತೆಗೆದದ್ದು ತೆಗೆಸಿಕೊಂಡವನಿಗೆ ಗೊತ್ತಾಗಬೇಡವೇ ಎಂದು ಗೊಣಗಿದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವರು ತಂದು ತೋರಿಸಿದ ಫೋಟೋಗಳನ್ನು ಬೇರೆ ಯಾರೋ ತೆಗೆದದ್ದು ಎಂದರೆ ನಂಬುತ್ತಿದ್ದೆ. ಮ್ಯಾಚಿಗೆ ಮುಂಚೆ ಒಬ್ಬಳಿಗೊಬ್ಬಳು ಜಡೆ ಹಾಕುತ್ತಿದ್ದ ಹುಡುಗಿಯರು. ಶಾಲೆಯ ಬೆಲ್ಲಿನ ಕೆಳಗೆ ನಿದ್ದೆ ಹೋಗಿದ್ದ ಜವಾನ. ಅಕ್ಕಿ ಆರಿಸುತ್ತಾ ಏನೋ ನೆನೆಸಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದ ತಂಗಿ. ಆ ತಂಗಿಯ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಾ ತುಂಬ ಹೊತ್ತು ಕೂತಿದ್ದರು.

"ನೋಡು ಸ್ಟುಡಿಯೋ. ಇವರ್ಯಾರೂ ನಂಗೆ ಎದುರ್ಕೊಂಡಿಲ್ಲ."

ಆ ದಿನಗಳಲ್ಲಿ ಅವರು ಯಾರ ಮೇಲೂ ಕೈ ಮಾಡಲಿಲ್ಲ. ಶಾಲೆಯ ಜವಾನ ಇದನ್ನು ನನಗೆ ಹೇಳಿದ್ದು ದೊಡ್ಡ ಸುದ್ದಿ ಹೇಳುವ ಹಾಗೆ, ದನಿ ತಗ್ಗಿಸಿ. ಅವರು ಸುಖವಾಗಿದ್ದರು.

ಆ ಭಾನುವಾರದ ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ನಾನೂ ಕೂತಿದ್ದೆ. ರಾಗಿ ಕೊಯ್ಲು ಮುಗಿದ ಕಾಲ. ನಮ್ಮ ಕಡೆ ತೆನೆಯನ್ನು ಟಾರ್ ರಸ್ತೆಯ ಮೇಲೆ ಹರಡಿ ಬಸ್ಸು ಲಾರಿ ಓಡಾಡಿ ತುಳಿಯಲಿ ಎಂದು ಬಿಡುತ್ತಾರಲ್ಲ, ಅದರ ಫೋಟೋ ತೆಗೆಯಬೇಕು ಎಂದು ಹೊರಟಿದ್ದರು. ಬೂದಿಕೋಟೆ ರಸ್ತೆಯಿಂದ ಒಳಗೆ ಒಂದು ಹಳ್ಳಿ, ಹೆಸರು ಬೇಡ. ಹಾಲಿನ ಡೈರಿಯ ಮುಂದೆ ಜನ ಸೇರಿದ್ದರು. ಹಾಲು ಹಾಕುವ ಹೊತ್ತು ಮುಗಿದಿತ್ತು, ಆದರೂ ಯಾರೂ ಮನೆಗೆ ಹೋಗಿರಲಿಲ್ಲ.

ಕರೆಂಟು ಕಂಬಕ್ಕೆ ಒಬ್ಬನನ್ನು ಹಸು ಕಟ್ಟುವ ಹಗ್ಗದಿಂದ ಕಟ್ಟಿದ್ದರು. ಇಪ್ಪತ್ತೈದು ಮೀರದ ವಯಸ್ಸು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾರದಿಂದ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಇವನು ಅಂಗಡಿಯಲ್ಲಿ ಬಿಸ್ಕತ್ತು ಕೊಂಡು ಒಂದನ್ನು ಅಲ್ಲಿದ್ದ ಮಗುವಿಗೆ ಕೊಟ್ಟಿದ್ದನಂತೆ. ಯಾವೂರ್ಲಾ ಎಂದು ಕನ್ನಡದಲ್ಲಿ ಕೇಳಿದರು, ತಲೆಯಾಡಿಸಿದ. ಏ ಊರುರಾ ಎಂದು ತೆಲುಗಿನಲ್ಲಿ, ಎಂದ ಊರುಡಾ ಎಂದು ತಮಿಳಿನಲ್ಲಿ, ಅದಕ್ಕೂ ತಲೆಯಾಡಿಸಿದ. ನಮ್ಮ ಕಡೆ ಕೂಸಿಗೂ ಈ ಮೂರು ಗೊತ್ತು. ಒಂದೂ ಬರದ ಮನುಷ್ಯ ಇದ್ದಾನೆ ಎಂದು ಇಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಹೆದರಿಕೆಗೆ ಅವನ ಬಾಯಲ್ಲಿ ಹಿಂದಿಯೂ ಹೊರಡಲಿಲ್ಲ.

"ಮೂರೂ ಬರಲ್ವಂತೆ ನನ್ಮಗಂಗೆ. ನಾಟ್ಕ ಆಡ್ತಾನೆ, ಇಕ್ಕಲಾ."

ಪಕ್ಕದಲ್ಲೇ ಟೊಮೇಟೊ ಗಿಡಕ್ಕೆ ಊರುವ ನೀಲಗಿರಿ ಕಡ್ಡಿಗಳ ಹೊರೆ ಬಿದ್ದಿತ್ತು. ಕೈಗೊಂದರಂತೆ ತೆಗೆದುಕೊಂಡಿದ್ದರು. ಕಡ್ಡಿ ಮುರಿದರೆ ಇನ್ನೊಂದು. ಹೊಡೆಯುತ್ತಿದ್ದವರಲ್ಲಿ ಎಲ್ಲರಿಗಿಂತ ಮುಂದೆ ಮುನಿರಾಜ ಇದ್ದ. ಅದು ಅವನ ಹೆಂಡತಿಯ ಊರು. ಹೆಂಗಸರು ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡು ನೋಡುತ್ತಿದ್ದರು. ಕಂಬಕ್ಕೆ ಕಟ್ಟಿದ್ದವನ ಅಂಗಿ ಹರಿದು ಎದೆಯ ಮೇಲೆ ಬಾಸುಂಡೆ ಒಡೆದು ರಕ್ತ ಲುಂಗಿಗೆ ಇಳಿದಿತ್ತು. ನಾನು ಪೊಲೀಸರಿಗೆ ಫೋನು ಹಚ್ಚಿದೆ. ಊರ ಹೆಸರು ಹೇಳಿದೆನಷ್ಟೆ, ಯಾರೋ ಹಿಂದಿನಿಂದ ನೂಕಿದರು, ಫೋನಿನ ಸಮೇತ ಚರಂಡಿಗೆ ಬಿದ್ದೆ.

ಚರಂಡಿಯಿಂದ ಏಳುತ್ತಾ ನೋಡಿದೆ. ಮೇಡಂ ಕ್ಯಾಮೆರಾ ಮುಖಕ್ಕೆ ಹಿಡಿದು, ಯಾವತ್ತಿನ ಹಾಗೆ ಸೀದಾ ಒಳಗೆ ನಡೆಯುತ್ತಿದ್ದರು. ಬೆರಳು ಒತ್ತಿಕೊಂಡೇ ಇತ್ತು. ಯಾರೂ ತಿರುಗಲಿಲ್ಲ. ಅವರು ಮುನಿರಾಜನ ಪಕ್ಕಕ್ಕೇ ಹೋಗಿ ನಿಂತರು, ಮೊಳ ದೂರದಲ್ಲಿ. ಅವನು ಕೈ ಎತ್ತಿ ಇಳಿಸಿದ, ಎತ್ತಿ ಇಳಿಸಿದ. ಆಗ ಅವರು ಕ್ಯಾಮೆರಾ ಕೆಳಗಿಳಿಸಿ ಅದನ್ನೇ ನೋಡತೊಡಗಿದರು. ಹೆಬ್ಬೆರಳು ಹಿಂದಿನ ಚಕ್ರವನ್ನು ತಿರುವುತ್ತಿತ್ತು. ಒಬ್ಬ ಮನುಷ್ಯ ಸಾಯುತ್ತಿರುವಾಗ ಇವರಿಗೇನು ಹುಚ್ಚೇ ಎಂದುಕೊಂಡೆ. ಆಮೇಲೆ ಅರ್ಥವಾಯಿತು. ಅವರು ಮೆನುವಿನಲ್ಲಿ ಸದ್ದು ಹುಡುಕುತ್ತಿದ್ದರು.

ಸಿಗಲಿಲ್ಲ. "ನಿಲ್ಸ್ರಲಾ" ಎಂದು ಕೂಗಿದರು, ಅಷ್ಟು ಗದ್ದಲದಲ್ಲಿ ಅದು ಇನ್ನೊಂದು ಕೂಗಾಯಿತು. ಆಗ ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಬೀಸಿ, ಮುನಿರಾಜನ ಮುಖಕ್ಕೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಮ್ಮೆ ಬೀಸಿದರು, ಇನ್ನೊಬ್ಬನಿಗೆ ತಾಗಿತು, ಲೆನ್ಸು ಕಳಚಿ ಹಾರಿತು. ಜನ ಈಗ ತಿರುಗಿದರು. ಕಂಬವನ್ನು ಬಿಟ್ಟು ಇವರ ಮೇಲೆ ಬಿದ್ದರು. ಅವರ ಎಡಗೈ ಎರಡು ಕಡೆ ಮುರಿಯಿತು. ಬಲಗೈಯಲ್ಲಿ ಕ್ಯಾಮೆರಾದ ಉಳಿದ ತುಂಡನ್ನು ಹಿಡಿದು, ಕೆಳಗೆ ಬಿದ್ದಮೇಲೂ ಸಿಕ್ಕವರ ಮೊಣಕಾಲಿಗೆ ಹೊಡೆಯುತ್ತಲೇ ಇದ್ದರು. ಪೊಲೀಸ್ ಜೀಪು ಬರುವ ಹೊತ್ತಿಗೆ ಅವರ ಮುಖ ಗುರುತು ಸಿಗುವ ಹಾಗಿರಲಿಲ್ಲ. ಕಂಬದ ಮನುಷ್ಯನನ್ನು ಬಿಚ್ಚಿ ಕೋಲಾರದ ದಾರಿ ಹಿಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಒಡೆದ ಕ್ಯಾಮೆರಾದೊಳಗೆ ಕಾರ್ಡು ಉಳಿದಿತ್ತು. ನನ್ನ ಅಂಗಡಿಯಲ್ಲಿ ನಕಲು ಮಾಡಿಕೊಂಡು ಪೊಲೀಸರಿಗೆ ಕೊಟ್ಟೆವು. ಮೇಡಂ ತೆಗೆದ ಫೋಟೋಗಳಲ್ಲೇ ಅಷ್ಟು ಸ್ಪಷ್ಟವಾದವು ಬೇರೆ ಇರಲಿಲ್ಲ, ಒಬ್ಬೊಬ್ಬನ ಮುಖವೂ ಎದ್ದು ಕಾಣುತ್ತಿತ್ತು. ಸಮಾಧಾನಕ್ಕೆ ಅಂತ ಆಸ್ಪತ್ರೆಯಲ್ಲಿ ಇದನ್ನೇ ಹೇಳಿದೆ. ಅವರು ಗೋಡೆಯ ಕಡೆ ಹೊರಳಿದರು.

"ನಂಗೆ ಫೋಟೋ ಬ್ಯಾಡಾಗಿತ್ತು ಕಣೋ. ಅವರು ತಿರುಗ್ಬೇಕಾಗಿತ್ತು, ಅಷ್ಟೇ."

ಗುರುತು ಸಿಕ್ಕ ಪ್ರತಿಯೊಬ್ಬನ ಹೆಸರನ್ನೂ ಅವರೇ ಹೇಳಿ ಬರೆಸಿದರು, ಮುನಿರಾಜನದು ಮೊದಲು. ಅವನ ಕೆನ್ನೆ ಮುರಿದದ್ದಕ್ಕೆ ಅವರ ಮೇಲೂ ಕೇಸಾಯಿತು, ಹೌದು ಹೊಡೆದೆ ಎಂದು ಒಪ್ಪಿಕೊಂಡರು. ಯಾರೋ ಅವರ ಸ್ಕೂಟರಿಗೆ ಬೆಂಕಿ ಇಟ್ಟರು. ಯಾರು ಎಂದು ಅವರು ವಿಚಾರಿಸಲೂ ಇಲ್ಲ. ಮತ್ತೆ ಕ್ಯಾಮೆರಾ ಕೊಳ್ಳಲಿಲ್ಲ.

ಸತ್ತವನ ಅಣ್ಣ ನನ್ನ ಅಂಗಡಿಗೆ ಬಂದದ್ದು ಹೆಣ ಸುಟ್ಟ ಮೇಲೆ. ಒಡಿಶಾದವನು, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ತುಂಬ ವರ್ಷದಿಂದ ಇದ್ದು ಕನ್ನಡ ಕಲಿತಿದ್ದ. ತಮ್ಮನನ್ನು ಕರೆಸಿಕೊಂಡು ಬೂದಿಕೋಟೆ ಕಡೆಯ ಗೂಡಿಗೆ ಸೇರಿಸಿ ಇನ್ನೂ ತಿಂಗಳಾಗಿರಲಿಲ್ಲವಂತೆ. ಊರಲ್ಲಿ ತಾಯಿ ಇದ್ದಾಳೆ, ಮಗನ ಫೋಟೋ ಬೇಕು ಎಂದು ಅಳುತ್ತಿದ್ದಾಳೆ. ತಮ್ಮನ ಫೋನನ್ನು ಜನ ಕಲ್ಲಿನಿಂದ ಜಜ್ಜಿದ್ದರು. ಆಧಾರ್ ಕಾರ್ಡಿನ ಚಿತ್ರ ಬರೀ ಮಸಿ. ಅವತ್ತು ಅಲ್ಲಿ ಒಬ್ಬ ಟೀಚರಮ್ಮ ಫೋಟೋ ತೆಗೆದಿದ್ದರಂತಲ್ಲ, ಅದರಲ್ಲಿ ಮುಖ ಸಿಗುತ್ತದಾ ಎಂದು ಕೇಳಿದ.

ನಾನು ಫೋನು ಮಾಡಿದೆ. ಅವರು ಕೈಗೆ ಸಿಮೆಂಟ್ ಕಟ್ಟು ಹಾಕಿಕೊಂಡೇ ರೈಲು ಹತ್ತಿ ಬಂದರು. ಮೂವರೂ ಕಂಪ್ಯೂಟರ್ ಮುಂದೆ ಕೂತು ಒಂದೊಂದಾಗಿ ನೋಡಿದೆವು. ಹೊಡೆಯುವವರು ಯಾರೂ ಕ್ಯಾಮೆರಾದ ಕಡೆ ನೋಡಿರಲಿಲ್ಲ. ಕಂಬದಲ್ಲಿದ್ದ ಅವನೊಬ್ಬ ನೋಡುತ್ತಿದ್ದ. ಮೊದಲ ಫೋಟೋದಿಂದ ಕೊನೆಯ ಫೋಟೋವರೆಗೂ, ಏಟು ಬಿದ್ದು ತಲೆ ವಾಲಿದರೂ ಎತ್ತಿ, ಸೀದಾ ಇವರನ್ನೇ ನೋಡುತ್ತಿದ್ದ. ಇವರು ಒಳಗೆ ನಡೆದು ಬರುವುದನ್ನು ಆ ಜನರಲ್ಲೆಲ್ಲ ಅವನೊಬ್ಬನೇ ಕಂಡಿದ್ದ.

ಇದ್ದುದರಲ್ಲಿ ಮುಖ ಪೂರ್ತಿ ಇರುವ ಒಂದನ್ನು ಆರಿಸಿದೆವು. ಹಣೆಯಿಂದ ಹುಬ್ಬಿನ ಮೇಲೆ ರಕ್ತ ಇಳಿದಿತ್ತು. ಅಳಿಸಲಾ ಎಂದು ಕೇಳಿದೆ.

"ಯಾಕೆ ಅಳಿಸ್ಬೇಕು?" ಮೇಡಂ ಸಿಡಿದರು. "ಅವರವ್ವ ನೋಡ್ಲಿ. ಏನ್ ಮಾಡಿದ್ರು ಅಂತ ಗೊತ್ತಾಗ್ಲಿ."

"ಬೇಡ ಅಮ್ಮಾ," ಅಂದ ಅಣ್ಣ. "ಗೂಡಿನ ಗೋಡೆ ಬಿತ್ತು ಅಂತ ಹೇಳಿದೀನಿ. ಅವಳಿಗೆ ಎದೆ ನೋವು ಇದೆ."

ಅವರು ಅವನನ್ನೇ ನೋಡಿದರು. ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತು ಮೌಸ್ ಹಿಡಿದರು. ಆ ಕೆಲಸ ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ, ನನಗೆ ಐದು ನಿಮಿಷದ್ದು. ಹುಬ್ಬು, ಕೆನ್ನೆ, ತುಟಿಯ ಅಂಚು, ಒಂದೊಂದನ್ನೇ ನಿಧಾನವಾಗಿ ಒರೆಸುತ್ತಾ ಬಂದರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಕಣ್ಣನ್ನು ಮಾತ್ರ ಮುಟ್ಟಲಿಲ್ಲ. ಅದು ಇದ್ದ ಹಾಗೇ ಸ್ಪಷ್ಟವಾಗಿತ್ತು.

ಪ್ರಿಂಟ್ ಹಾಕಿ ಕಟ್ಟು ಕೂರಿಸಿ ಕೊಟ್ಟೆ. ಅಣ್ಣ ಅಲ್ಲೇ ವಿಡಿಯೋ ಕಾಲ್ ಮಾಡಿ ಫೋಟೋವನ್ನು ತಾಯಿಗೆ ತೋರಿಸಿದ. ಸಣ್ಣ ಪರದೆಯಲ್ಲಿ ಒಂದು ಮುದುಕಿಯ ಮುಖ ತೀರ ಹತ್ತಿರ ಬಂತು. ಅಳುತ್ತಾಳೆ ಎಂದು ಕಾದೆವು. ಅವಳು ಅಳಲಿಲ್ಲ, ಬಹಳ ಹೊತ್ತು ನೋಡಿ ಏನೋ ಕೇಳಿದಳು. ಅಣ್ಣ ನಮ್ಮ ಕಡೆ ತಿರುಗಿದ.

"ಫೋಟೋ ತೆಗೆದವರು ಯಾರು ಅಂತ ಕೇಳ್ತಾಳೆ. ಅವನಿಗೆ ತುಂಬಾ ಬೇಕಾದವರಾ ಅಂತ. ಯಾರೋ ತನ್ನೋರು ಕರ್ಕೊಂಡು ಹೋಗೋಕೆ ಬಂದ್ರು ಅನ್ನೋ ಥರ ನೋಡ್ತಿದಾನೆ ಅಂತೆ."

ಮೇಡಂ ಸಿಮೆಂಟ್ ಕಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅಕ್ಕ ತೆಗೆದಿದ್ದು ಅಂತ ಏಳು" ಎಂದರು.

ಅವನು ಫೋನನ್ನು ಬಾಯಿಯ ಹತ್ತಿರ ತಂದು ತಾಯಿಗೆ ಹಾಗೇ ಹೇಳಿದ.